ಒಳಹುದುಗಿದ ಪ್ಯಾನಿಕ್ ಬಾರ್: ಯಾವ ಬಾಗಿಲಿಗೆ ಬೇಕು, ಯಾವುದಕ್ಕೆ ಬೇಡ

[ದೃಶ್ಯ: ಕಲ್ಯಾಣ ಮಂಟಪದ ಊಟದ ಹಾಲ್. ಪಕ್ಕದ ಬಾಗಿಲಿಗೆ ಸರಪಳಿ, ಬೀಗ.]

ಮುಹೂರ್ತ ಮುಗಿದು ಜನರೆಲ್ಲ ಊಟಕ್ಕೆ ಧಾವಿಸುವ ಹೊತ್ತು. ಹಾಲ್ ತುಂಬಿ ತುಳುಕುತ್ತಿದೆ. ಅಡುಗೆಮನೆಯ ಪಕ್ಕ ‘ತುರ್ತು ನಿರ್ಗಮನ’ ಎಂದು ಬರೆದ ಬಾಗಿಲಿದೆ, ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಏಕೆ ಎಂದು ಕೇಳಿದರೆ ದಾವಣಗೆರೆಯ ಮಂಟಪಗಳಲ್ಲೂ ಬಟ್ಟೆ ಅಂಗಡಿಗಳಲ್ಲೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಪ್ಯಾನಿಕ್ ಬಾರ್ ಹಾಕಿಸಿದ್ದೆವು ಸರ್, ತಳ್ಳುಗಾಡಿ ಬಡಿದು ಬಡಿದು ಮುರಿದುಹೋಯಿತು. ಬಾಗಿಲು ಮುಚ್ಚಿ ನಿಲ್ಲಲಿಲ್ಲ, ಬೀಗ ಹಾಕಿದೆವು.”

ಪ್ಯಾನಿಕ್ ಬಾರ್ ಎಂದರೆ ಬಾಗಿಲಿನ ಒಳಬದಿಗೆ ಅಡ್ಡಲಾಗಿ ಕೂರುವ, ತಳ್ಳಿದರೆ ಚಿಲಕ ಬಿಡುವ ಪಟ್ಟಿ. ನನಗೆ ಕಳವಳ ಹುಟ್ಟಿಸುವುದು ಈ ಉತ್ತರ. ಬಾರ್ ಮುರಿದರೆ ಅದರ ಜಾಗಕ್ಕೆ ಹೊಸ ಬಾರ್ ಬರುವುದಿಲ್ಲ, ಬೀಗ ಬರುತ್ತದೆ. ಆದ್ದರಿಂದ ಇಂದು ಮುರಿಯದಂತೆ ಬಾಗಿಲಿನೊಳಗೇ ಕೂರುವ ಪ್ಯಾನಿಕ್ ಬಾರ್ ಬಗ್ಗೆ ಮಾತನಾಡುತ್ತೇನೆ.

[ದೃಶ್ಯ: ಎರಡು ಬಾಗಿಲುಗಳು ಪಕ್ಕಪಕ್ಕ. ಒಂದರಲ್ಲಿ ಬಾರ್ ಮುಂದಕ್ಕೆ ಚಾಚಿದೆ, ಇನ್ನೊಂದರಲ್ಲಿ ಬಾಗಿಲಿನ ಮೈಗೆ ಸಮನಾಗಿದೆ.]

ಪ್ಯಾನಿಕ್ ಬಾರ್‌ನ ಕೆಲಸ ಸರಳ. ಮೈಯಿಂದ ತಳ್ಳಿದರೂ ಸಾಕು, ಚಿಲಕ ಸರಿದು ಬಾಗಿಲು ಹೊರಕ್ಕೆ ತೆರೆಯಬೇಕು. ಕೀಲಿ ಬೇಡ, ತಿರುಗಿಸುವ ಹಿಡಿ ಬೇಡ, ತಿಳಿವಳಿಕೆಯೂ ಬೇಡ. ಇದು ಬಳಕೆಗೆ ಬಂದ ಹಿನ್ನೆಲೆ ದಾರುಣವಾದದ್ದು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಲವು ಬಾಗಿಲುಗಳಿಗೆ ಬೀಗವಿತ್ತು, ಕೆಲವಕ್ಕೆ ಜನರಿಗೆ ತೆರೆಯಲು ತಿಳಿಯದ ಚಿಲಕವಿತ್ತು. ಆ ದಿನ ನಾಟಕಕ್ಕೆ ಹೋಗಬೇಕಿದ್ದು, ಕೆಲಸದ ಕಾರಣ ತಪ್ಪಿಸಿಕೊಂಡ ಹಾರ್ಡ್‌ವೇರ್ ವ್ಯಾಪಾರಿ ಕಾರ್ಲ್ ಪ್ರಿನ್ಸ್ಲರ್, ವಾಸ್ತುಶಿಲ್ಪಿ ಹೆನ್ರಿ ಡುಪಾಂಟ್ ಜೊತೆ ಸೇರಿ 1908ರಲ್ಲಿ ಇಂಥ ಬಾರ್ ಅನ್ನು ಮಾರುಕಟ್ಟೆಗೆ ತಂದರು. ನಮ್ಮ ದೇಶದಲ್ಲಿ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನರನ್ನು ಕಳೆದುಕೊಂಡೆವು. ಅಲ್ಲೂ ಹೆಚ್ಚುವರಿ ಸೀಟುಗಳಿಗಾಗಿ ಹೊರಹೋಗುವ ದಾರಿಯನ್ನು ಮುಚ್ಚಲಾಗಿತ್ತು.

ಸಾಮಾನ್ಯ ಬಾರ್ ಬಾಗಿಲಿನಿಂದ 100 ಮಿಲಿಮೀಟರ್‌ವರೆಗೂ ಮುಂದೆ ಚಾಚಬಹುದು. ಜೋಡಿ ಬಾಗಿಲು ಪೂರ್ತಿ ತೆರೆದು ನಿಂತಾಗ ಎರಡೂ ಬದಿಯ ಬಾರ್‌ಗಳು ದಾರಿಯೊಳಕ್ಕೇ ಚಾಚಿಕೊಳ್ಳುತ್ತವೆ. 2000 ಮಿಲಿಮೀಟರ್ ಅಗಲದ ದಾರಿಯಲ್ಲಿ 200 ಹೋಯಿತು. ಸ್ಟ್ರೆಚರ್, ಬಟ್ಟೆ ಮೂಟೆಯ ಗಾಡಿ, ಅನ್ನದ ಡಬರಿ ಹೊತ್ತವರು ಬಡಿಯುವುದು ಅಲ್ಲೇ. ಒಳಹುದುಗಿದ ಬಾರ್‌ನಲ್ಲಿ ಯಂತ್ರಭಾಗವೆಲ್ಲ ಬಾಗಿಲಿನ ದಪ್ಪದೊಳಗೆ ಕೂರುತ್ತದೆ, ಒತ್ತುವ ಪಟ್ಟಿ ಮಾತ್ರ ಮೇಲೆ ಕಾಣುತ್ತದೆ. ಗಾಡಿ ಉಜ್ಜಿಕೊಂಡು ಹೋದರೂ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ.

ಹಾಗೆಂದು ಎಲ್ಲ ಬಾಗಿಲಿಗೂ ಇದನ್ನೇ ಹಾಕಿಸಬೇಡಿ. ಬೆಲೆ ಹೆಚ್ಚು, ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ಸಾಮಾನ್ಯ ಬಾರ್‌ನ ಸ್ಪ್ರಿಂಗ್ ಸಿಕ್ಕೀತು, ಇದರದ್ದು ಬೆಂಗಳೂರಿನಿಂದ ಬರಬೇಕಾದೀತು. ಆಸ್ಪತ್ರೆಯ ಕಾರಿಡಾರ್, ಮಂಟಪದ ಅಡುಗೆಮನೆ ಬದಿಯ ಬಾಗಿಲು, ಸರಕು ಓಡಾಡುವ ಮಳಿಗೆಯ ಹಿಂಬಾಗಿಲು: ಇಲ್ಲಿ ಅದು ಬೆಲೆಗೆ ತಕ್ಕದ್ದು. ಆಪತ್ತಿನಲ್ಲಿ ಬಿಟ್ಟರೆ ಯಾರೂ ಮುಟ್ಟದ ಮೆಟ್ಟಿಲ ಬಾಗಿಲಿಗೆ ಸಾಮಾನ್ಯ ಬಾರ್ ಸಾಕು.

[ದೃಶ್ಯ: ಬಾಗಿಲಿನ ಅಡ್ಡಕೊಯ್ತದ ಚಿತ್ರ.]

ಈಗ ಬಹಳ ಮುಖ್ಯವಾದ ವಿಷಯ. ಈ ಬಾರ್ ಕೂರಲು ಬಾಗಿಲಿನಲ್ಲಿ ದೊಡ್ಡ ಕಂಡಿ ಬೇಕು. ಅದು ಫೈರ್ ಡೋರ್, ಅಂದರೆ ಬೆಂಕಿಯನ್ನು ತಡೆದು ನಿಲ್ಲಿಸುವ ಬಾಗಿಲು ಆಗಿದ್ದರೆ, ಸೈಟಿನಲ್ಲಿ ಬಡಗಿಯಿಂದಲೋ ಫ್ಯಾಬ್ರಿಕೇಟರ್‌ನಿಂದಲೋ ಆ ಕಂಡಿ ಕೊರೆಸಲೇಬಾರದು. ಒಳಗಿನ ಬೆಂಕಿ ತಡೆಯುವ ಪದರವನ್ನು ಕತ್ತರಿಸಿದ ಕ್ಷಣವೇ ಆ ಬಾಗಿಲಿನ ಪರೀಕ್ಷಾ ಪ್ರಮಾಣಪತ್ರಕ್ಕೆ ಅರ್ಥ ಉಳಿಯುವುದಿಲ್ಲ. ಬಾಗಿಲು ಮತ್ತು ಬಾರ್ ಎರಡೂ ಒಟ್ಟಿಗೆ ಪರೀಕ್ಷೆಗೊಳಗಾಗಿರಬೇಕು, ಕಂಡಿ ಕಾರ್ಖಾನೆಯಲ್ಲೇ ಆಗಿ ಬರಬೇಕು. ಹಾಗಾಗಿ ಬಾಗಿಲಿಗೆ ಆರ್ಡರ್ ಕೊಡುವ ಮೊದಲೇ ಬಾರ್ ತೀರ್ಮಾನವಾಗಿರಬೇಕು. ನಮ್ಮಲ್ಲಿ ಆಗುವುದು ತದ್ವಿರುದ್ಧ: ಉದ್ಘಾಟನೆಗೆ ವಾರವಿರುವಾಗ ಬಾರ್ ಹುಡುಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ.

ಅಂಗಡಿಯಲ್ಲಿ ಕೇಳಬೇಕಾದ ಸಂಖ್ಯೆ ಇಎನ್ 1125. ಇದು ಸಾರ್ವಜನಿಕರು ನೆರೆಯುವ ಕಟ್ಟಡಗಳ ಪ್ಯಾನಿಕ್ ಬಾರ್‌ಗಾಗಿ ಇರುವ ಯುರೋಪಿನ ಮಾನದಂಡ. ಇಎನ್ 179 ಎಂಬುದೂ ಇದೆ, ಆದರೆ ಅದು ಬಾಗಿಲಿನ ಪರಿಚಯವಿರುವ ಸಿಬ್ಬಂದಿಯಷ್ಟೇ ಓಡಾಡುವ ಕಡೆಗೆ. ಮದುವೆಗೆ ಬಂದ ನೆಂಟರಿಗೆ ಆ ಪರಿಚಯ ಎಲ್ಲಿಂದ ಬರಬೇಕು? 1125ರ ಪ್ರಕಾರ ಬಾಗಿಲಿನ ಮೇಲೆ ಒತ್ತಡವಿಲ್ಲದಾಗ 80 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು, ಅಂದರೆ ಸುಮಾರು ಎಂಟು ಕಿಲೋ ಭಾರದಷ್ಟು. ಬಾಗಿಲಿನ ಮೇಲೆ 1000 ನ್ಯೂಟನ್ ಒತ್ತಡ ಬಿದ್ದಿರುವಾಗಲೂ 220 ನ್ಯೂಟನ್ ಒಳಗೇ ಅದು ಬಿಟ್ಟುಕೊಳ್ಳಬೇಕು. ಈ ಎರಡನೆಯ ಪರೀಕ್ಷೆಯೇ ಪ್ರಾಣ ಉಳಿಸುವಂಥದ್ದು. ಹಿಂದಿನವರು ದೂಡಿದಾಗ ಮುಂದಿನವರು ಬಾಗಿಲಿಗೆ ಒತ್ತಿಕೊಂಡು ನಿಲ್ಲುತ್ತಾರೆ, ಅಗ್ಗದ ಚಿಲಕ ಆ ಒತ್ತಡಕ್ಕೆ ಬಿಗಿದುಕೊಂಡು ಕೂರುತ್ತದೆ.

[ದೃಶ್ಯ: ನೆಲದಲ್ಲಿನ ಚಿಲಕದ ಕುಳಿ, ತುಂಬ ಧೂಳು.]

ಜೋಡಿ ಬಾಗಿಲಿನಲ್ಲಿ ಸಾಮಾನ್ಯವಾಗಿ ಮೇಲೊಂದು, ಕೆಳಗೊಂದು ಸರಳು ಒಳಗಿನಿಂದ ಹೋಗಿ ಚಿಲಕ ಹಾಕುತ್ತದೆ. ಕೆಳಗಿನ ಸರಳು ಇಳಿಯುವ ಕುಳಿಯೇ ನಮ್ಮ ಊರಿನ ಶತ್ರು. ಮಂಡಕ್ಕಿ ಭಟ್ಟಿಗಳ ಹೊಟ್ಟು, ಹತ್ತಿಯ ನೂಲಿನ ಎಳೆ, ಬೇಸಿಗೆಯ ಕೆಮ್ಮಣ್ಣಿನ ಧೂಳು, ಜೊತೆಗೆ ನೆಲ ತೊಳೆದ ನೀರು. ಕುಳಿ ತುಂಬಿ ಗಟ್ಟಿಯಾದರೆ ಸರಳು ಪೂರ್ತಿ ಇಳಿಯುವುದಿಲ್ಲ, ಬಾಗಿಲು ಭದ್ರವಾಗುವುದಿಲ್ಲ, ಮತ್ತೆ ಆ ಸರಪಳಿ ಬರುತ್ತದೆ. ತಯಾರಕರ ಪ್ರಮಾಣಪತ್ರದಲ್ಲಿ ಅವಕಾಶವಿದ್ದರೆ ಕೆಳ ಸರಳಿಲ್ಲದ ಮಾದರಿಯನ್ನೇ ಆರಿಸಿ. ನನ್ನ ಮಟ್ಟಿಗೆ ದಾವಣಗೆರೆಯಲ್ಲಿ ಇದು ಬಾರ್‌ನ ಕಂಪನಿಗಿಂತ ಮುಖ್ಯವಾದ ಆಯ್ಕೆ.

ಬಣ್ಣದ ಮಾತು. ಒಳಹುದುಗಿದ ಬಾರ್ ನೋಡಲು ಚೆಂದ ಎಂದು ಇಂಟೀರಿಯರ್‌ನವರು ಅದನ್ನು ಬಾಗಿಲಿನ ಬಣ್ಣದಲ್ಲೇ ಮಾಡಿಸುತ್ತಾರೆ. ದಯವಿಟ್ಟು ಒಪ್ಪಬೇಡಿ. ಹೊಗೆಯಲ್ಲಿ ಕಣ್ಣಿಗೆ ಬೀಳದ ಬಾರ್ ಇದ್ದೂ ಇಲ್ಲದಂತೆ. ಪಟ್ಟಿ ಎದ್ದು ಕಾಣುವ ಬಣ್ಣದಲ್ಲಿರಲಿ, ಬಾಗಿಲಿನ ಅರ್ಧ ಅಗಲಕ್ಕಿಂತ ಕಡಿಮೆಯಾಗದಿರಲಿ.

ಕೆಲವು ಬಾರ್‌ಗಳಲ್ಲಿ ಚಿಕ್ಕ ಆಲನ್ ಕೀಲಿಯಿಂದ ಚಿಲಕವನ್ನು ಒಳಗೇ ತಡೆದಿಡಬಹುದು, ದಿನವಿಡೀ ಬಾಗಿಲು ತಳ್ಳಿದರೆ ತೆರೆಯುವಂತೆ. ಅಂಗಡಿಯ ಮುಂಬಾಗಿಲಿಗೆ ಅನುಕೂಲವೇ. ಫೈರ್ ಡೋರ್‌ನಲ್ಲಿ ಮಾತ್ರ ಇದು ಸಲ್ಲದು, ಬೆಂಕಿ ಬಿದ್ದಾಗ ಅದರ ಚಿಲಕ ತಾನಾಗಿ ಬೀಳಲೇಬೇಕು.

[ದೃಶ್ಯ: ಒಬ್ಬರು ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಾರೆ, ಇನ್ನೊಬ್ಬರು ಬಾರ್ ಒತ್ತುತ್ತಾರೆ.]

ಹಾಕಿಸಿದ ದಿನ ಬಿಲ್ ಪಾವತಿಸುವ ಮುನ್ನ ಹೀಗೆ ನೋಡಿ. ಒಬ್ಬರು ಒಳಗಿನಿಂದ ಬಾಗಿಲಿಗೆ ಮೈಯೊತ್ತಿ ನಿಲ್ಲಲಿ, ಇನ್ನೊಬ್ಬರು ಪಟ್ಟಿಯ ಎರಡೂ ತುದಿಯಲ್ಲಿ ಒಂದೊಂದು ಕೈಯಿಂದ ಒತ್ತಲಿ. ಆಮೇಲೆ ಬಾಗಿಲನ್ನು ಬಿಟ್ಟುಬಿಡಿ, ಡೋರ್ ಕ್ಲೋಸರ್ ಅದನ್ನು ಪೂರ್ತಿ ಮುಚ್ಚಿ ಚಿಲಕ ಬೀಳಿಸಬೇಕು. ತಿಂಗಳಿಗೊಮ್ಮೆ, ಮತ್ತು ಮಂಟಪವಾದರೆ ಪ್ರತಿ ಮದುವೆಯ ಹಿಂದಿನ ಸಂಜೆ, ಕಾವಲುಗಾರರ ಕೈಯಿಂದಲೇ ಇದನ್ನು ಮಾಡಿಸಿ. ಬಾಗಿಲಿನ ಹೊರಬದಿಗೆ ಪೇರಿಸಿಟ್ಟ ಕುರ್ಚಿಗಳೂ ಆಗಲೇ ಕಣ್ಣಿಗೆ ಬೀಳುತ್ತವೆ.