ಮೂರನೆಯ ಸರದಿಯ ತಕರಾರು

ಸ್ನೇಹಿತರೇ, ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗು. ಇವತ್ತಿನ ಮಾತು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯದು. ಅಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರಿನ ಬಿಲ್ಲೆ ಇದೆ. ಸದ್ಯಕ್ಕೆ ಇಷ್ಟು ಸಾಕು.

2018ರ ಜೂನ್ 22, ಅಮೆರಿಕದ ಡಲ್ಲಾಸ್ ನಗರ. ನ್ಯಾಷನಲ್ ಹಾಕಿ ಲೀಗ್‌ನ ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್. ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಕೂಗುವುದಿಲ್ಲ. ಸರದಿಯಲ್ಲಿ ಹೆಸರು ಕೂಗುತ್ತಾರೆ. ಆ ವರ್ಷ ಸೋತು ಸುಣ್ಣವಾದವರಿಗೆ ಲಾಟರಿ ಎತ್ತಿ ಮೊದಮೊದಲ ಸರದಿ ಕೊಡುತ್ತಾರೆ. 31 ತಂಡಗಳಲ್ಲಿ 28ನೆಯದಾಗಿದ್ದ ಮಾಂಟ್ರಿಯಲ್ ಕೆನೇಡಿಯನ್ಸ್‌ಗೆ ಮೂರನೆಯ ಸರದಿ ಸಿಕ್ಕಿತು. ಅದು ಕೂಗಿದ ಹೆಸರು ಯೆಸ್ಪೆರಿ ಕೊಟ್ಕನಿಯೆಮಿ. ಫಿನ್ಲೆಂಡಿನ ಪೋರಿ ಊರಿನ ಹುಡುಗ. ಹದಿನೆಂಟು ತುಂಬಲು ಇನ್ನೂ ಎರಡು ವಾರ ಬಾಕಿಯಿತ್ತು.

ಆ ಕ್ಷಣದಿಂದಲೇ ತಕರಾರು ಶುರುವಾಯಿತು. ಆರನೆಯದೋ ಏಳನೆಯದೋ ಸರದಿಗೆ ಸಿಗುವ ಹುಡುಗನಿಗೆ ಮೂರನೆಯದನ್ನು ಸುರಿದರಲ್ಲ ಎಂದರು. ಮಾಂಟ್ರಿಯಲ್‌ಗೆ ಬೇಕಾಗಿದ್ದದ್ದು ಸೆಂಟರ್. ಆಟದ ನಡುವೆ ನಿಂತು ಎರಡೂ ಕಡೆ ಹೊಲಿಗೆ ಹಾಕುವ ಆ ಸ್ಥಾನ ಅಲ್ಲಿ ವರ್ಷಗಳಿಂದ ಹರಿದುಹೋಗಿತ್ತು. ಹಸಿದವನು ಸಂತೆಗೆ ಹೋದ ಹಾಗಾಯಿತು. ತಮಾಷೆಯೆಂದರೆ, ಕೊಟ್ಕನಿಯೆಮಿ ಫಿನ್ಲೆಂಡಿನ ಲೀಗಿನಲ್ಲಿ ಆ ವರ್ಷ ಹೆಚ್ಚಾಗಿ ಆಡಿದ್ದು ಅಂಚಿನಲ್ಲಿ, ವಿಂಗ್‌ನಲ್ಲಿ.

ಅವನ ನಂತರ ಯಾರು ಯಾರು ಹೋದರು? ನಾಲ್ಕನೆಯವನಾಗಿ ಬ್ರೇಡಿ ಕಚಕ್ ಒಟ್ಟಾವಾ ತಂಡಕ್ಕೆ ಹೋದ. ಈಗ ಆ ತಂಡದ ನಾಯಕ. ಏಳನೆಯವನಾಗಿ ಕ್ವಿನ್ ಹ್ಯೂಸ್ ವ್ಯಾಂಕೂವರ್‌ಗೆ ಹೋದ. 2024ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಎತ್ತಿದ. ಇದನ್ನು ನೋಡಿ ‘ಅಂದೇ ಹೇಳಿರಲಿಲ್ಲವೇ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಅಂದು ನೀವು ಹೇಳಿದ್ದು ಯಾರ ಹೆಸರು? ಬಹಳ ಮಂದಿ ಹೇಳಿದ್ದು ಫಿಲಿಪ್ ಜಾದಿನಾ ಎಂಬ ಜೆಕ್ ಹುಡುಗನ ಹೆಸರು. ಆರನೆಯವನಾಗಿ ಡೆಟ್ರಾಯ್ಟ್ ಸೇರಿದ ಅವನು 2023ರಲ್ಲಿ ಉಳಿದ ಕರಾರಿನ ಹಣವನ್ನೂ ಬಿಟ್ಟು ಆ ತಂಡದಿಂದ ಹೊರನಡೆದ. ಈ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ.

ನನ್ನ ತಕರಾರು ಜೂನ್ ತಿಂಗಳದ್ದಲ್ಲ, ಲೀಗಿನ ಋತು ಶುರುವಾಗಿ ಅವನನ್ನು ಆಗಲೇ ಕಣಕ್ಕಿಳಿಸಿದ ಅಕ್ಟೋಬರ್‌ದು. ಆರಿಸಿಕೊಂಡ ಹುಡುಗನನ್ನು ಇನ್ನೊಂದು ವರ್ಷ ಫಿನ್ಲೆಂಡಿನಲ್ಲೇ ಬಿಡಬಹುದಿತ್ತು. ಹ್ಯೂಸ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಮರಳಿ ಮತ್ತೊಂದು ಋತು ಆಡಿದ ಮೇಲೆಯೇ ಲೀಗಿಗೆ ಬಂದ. ಕಚಕ್ ನೇರವಾಗಿ ಇಳಿದನಲ್ಲ ಎನ್ನಬಹುದು. ಆದರೆ ಅವನು ಹುಟ್ಟಿದ್ದು 1999ರ ಸೆಪ್ಟೆಂಬರ್ 16ರಂದು, ಕೊಟ್ಕನಿಯೆಮಿ 2000ದ ಜುಲೈ 6ರಂದು. ಆ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಎಲುಬಿಗೂ ತೋಳಿಗೂ ಎಷ್ಟು ವ್ಯತ್ಯಾಸ ಎಂಬುದು ಹೈಸ್ಕೂಲು ತಂಡ ಕಟ್ಟಿದ ಯಾವ ಮೇಷ್ಟ್ರಿಗೂ ಗೊತ್ತು.

ಮೊದಲ ವರ್ಷ ಕೊಟ್ಕನಿಯೆಮಿ 79 ಪಂದ್ಯಗಳಲ್ಲಿ 11 ಗೋಲು ಹೊಡೆದ, ಬೇರೆಯವರ ಗೋಲಿಗೆ ಕೊಟ್ಟ ನೆರವೂ ಸೇರಿ ಒಟ್ಟು 34 ಅಂಕ. ಹದಿನೆಂಟರವನಿಗೆ ಒಳ್ಳೆಯ ಲೆಕ್ಕವೇ. ಆದರೆ ಸ್ವಲ್ಪ ಹತ್ತಿರ ಬನ್ನಿ. ಆ ಹನ್ನೊಂದೂ ಗೋಲುಗಳು ಬಂದದ್ದು ತವರಿನಲ್ಲಿ, ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ. ಪರಊರಿನಲ್ಲಿ ಸೊನ್ನೆ. ಐಸ್ ಹಾಕಿಯಲ್ಲಿ ಆಟ ನಿಂತಾಗ ಆಟಗಾರರನ್ನು ಕೊನೆಯದಾಗಿ ಬದಲಿಸುವ ಹಕ್ಕು ತವರು ತಂಡದ ಕೋಚ್‌ಗೆ ಇರುತ್ತದೆ. ಎದುರಾಳಿ ಯಾರನ್ನು ಇಳಿಸಿದ್ದಾನೆಂದು ಕಂಡ ಮೇಲೆ ತನ್ನವರನ್ನು ಕಳುಹಿಸಬಹುದು. ಎಳೆಯನನ್ನು ಘಟಾನುಘಟಿಗಳ ಎದುರಿನಿಂದ ತಪ್ಪಿಸಬಹುದು. ಪರಊರಿನಲ್ಲಿ ಆ ನೆರಳಿಲ್ಲ. ಇದೊಂದೇ ಕಾರಣ ಎನ್ನಲಾರೆ, ಆದರೆ ನನ್ನ ಮಟ್ಟಿಗೆ ಆ ಸೊನ್ನೆ ಆ 34 ಅಂಕಗಳಿಗಿಂತ ಹೆಚ್ಚು ಮಾತಾಡುತ್ತದೆ.

ಎರಡನೆಯ ವರ್ಷ 36 ಪಂದ್ಯಗಳಲ್ಲಿ ಎಂಟೇ ಅಂಕ. ಕೆಳಹಂತದ ಲವಾಲ್ ತಂಡಕ್ಕೆ ಇಳಿಸಿದರು. ಅಲ್ಲಿ 13 ಪಂದ್ಯಗಳಲ್ಲಿ 13 ಅಂಕ ಗಳಿಸಿದ! ಅವನ ಮಟ್ಟ ಯಾವುದೆಂದು ಮೊದಲೇ ನೋಡಬಹುದಾಗಿತ್ತು, ಎರಡನೆಯ ಋತುವಿನಲ್ಲಿ ತಡವಾಗಿ ನೋಡಿದರು. 2021ರಲ್ಲಿ ಮಾಂಟ್ರಿಯಲ್ ತಂಡ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ಸರಣಿ ತಲುಪಿತು, ಆದರೆ ಅದರ ಕೊನೆಯ ಎರಡು ಪಂದ್ಯಗಳಲ್ಲಿ ಅವನನ್ನು ಹೊರಗೆ ಕೂರಿಸಿತು.

ಅದೇ ಆಗಸ್ಟ್‌ನಲ್ಲಿ ಕ್ಯಾರೊಲೈನಾ ತಂಡ ಅವನ ಮುಂದೆ ಒಂದು ವರ್ಷಕ್ಕೆ 61,00,015 ಡಾಲರಿನ ಕರಾರು ಇಟ್ಟಿತು. ಕೊನೆಯ 15 ಅವನ ಅಂಗಿಯ ಸಂಖ್ಯೆ. ಸಹಿ ಹಾಕಿದ್ದಕ್ಕೆ ಬೋನಸ್ 20 ಡಾಲರ್. ಅದು ಕ್ಯಾರೊಲೈನಾದ ಸೆಬಾಸ್ಟಿಯನ್ ಆಹೊನ ಅಂಗಿಯ ಸಂಖ್ಯೆ. ಎರಡು ವರ್ಷ ಹಿಂದೆ ಆಹೊನನ್ನು ಇದೇ ದಾರಿಯಲ್ಲಿ ಸೆಳೆಯಲು ಮಾಂಟ್ರಿಯಲ್ ಕೈಹಾಕಿ ಸೋತಿತ್ತು. ಕರಾರು ಪತ್ರದಲ್ಲಿ ಇಷ್ಟು ಚೊಕ್ಕವಾಗಿ ಕಾಲೆಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟೇ ಹಣ ಕೊಟ್ಟು ಅವನನ್ನು ಉಳಿಸಿಕೊಳ್ಳಲು ಮಾಂಟ್ರಿಯಲ್ ಒಪ್ಪಲಿಲ್ಲ. 171 ಪಂದ್ಯ, 62 ಅಂಕ, ಅಲ್ಲಿಗೆ ಮುಗಿಯಿತು. ಪರಿಹಾರವಾಗಿ ಅದಕ್ಕೆ ಮುಂದಿನ ಡ್ರಾಫ್ಟ್‌ನ ಮೊದಲ ಮತ್ತು ಮೂರನೆಯ ಸುತ್ತಿನ ಒಂದೊಂದು ಸರದಿ ಸಿಕ್ಕಿತು. ಅದೇ ದಿನ, ಸೆಪ್ಟೆಂಬರ್ 4ರಂದು, ಮಾಂಟ್ರಿಯಲ್ ಒಂದು ಮೊದಲ ಸುತ್ತಿನ ಸರದಿಯನ್ನೂ ಒಂದು ಎರಡನೆಯ ಸುತ್ತಿನದನ್ನೂ ಅರಿಜೋನಾಗೆ ಕೊಟ್ಟು ಕ್ರಿಶ್ಚಿಯನ್ ಡ್ವೊರಾಕ್ ಎಂಬುವವನನ್ನು ತಂದುಕೊಂಡಿತು. ಅವನು ಆಡುವ ಸ್ಥಾನ ಸೆಂಟರ್.