ತಿರುಗುವುದು ಯಾವುದು, ಸರಿಯುವುದು ಯಾವುದು?

ಕೇಳುಗರೇ, ನಮಸ್ಕಾರ. ಪೆನ್ಸಿಲ್ ಚೂಪು ಮಾಡುವಾಗ ನಮ್ಮ ಕೈ ಏನು ಮಾಡುತ್ತದೆ, ಗಮನಿಸಿದ್ದೀರಾ? ಪೆನ್ಸಿಲನ್ನು ತಿರುಗಿಸುತ್ತದೆ, ಜೊತೆಗೇ ಮೆಲ್ಲಗೆ ಒಳಕ್ಕೆ ಒತ್ತುತ್ತದೆ. ತಿರುಗಿಸದೆ ಸುಮ್ನೆ ಒತ್ತಿದರೆ ಸಿಪ್ಪೆ ಬರುವುದಿಲ್ಲ. ಒತ್ತದೆ ತಿರುಗಿಸಿದರೂ ಅಷ್ಟೇ. ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದು ಶಾರ್ಪನರನ್ನೇ ತಿರುಗಿಸಿದರೆ? ಆಗಲೂ ಚೂಪಾಗುತ್ತದೆ, ಅಲ್ವಾ? ಲೋಹ ಕತ್ತರಿಸುವ ಯಂತ್ರಗಳದ್ದೂ ಇದೇ ಲೆಕ್ಕ. ಕತ್ತರಿಸಲು ಒಂದು ಚಲನೆ, ಟೂಲ್‌ನ ಬಾಯಿಗೆ ಹೊಸ ಲೋಹ ಕೊಡಲು ಇನ್ನೊಂದು. ಈ ಎರಡನೆಯದಕ್ಕೆ ಫೀಡ್ ಅನ್ನುತ್ತಾರೆ.

ಲೇತ್‌ನಲ್ಲಿ ಜಾಬ್, ಅಂದರೆ ನಾವು ಕತ್ತರಿಸುವ ಲೋಹದ ತುಂಡು, ತಿರುಗುತ್ತದೆ, ಟೂಲ್ ಸರಿಯುತ್ತದೆ. ಮಿಲ್ಲಿಂಗ್‌ನಲ್ಲಿ ಕಟರ್ ತಿರುಗುತ್ತದೆ, ಟೇಬಲ್ ಮೇಲೆ ಕೂತ ಜಾಬ್ ಸರಿಯುತ್ತದೆ. ಡ್ರಿಲ್ಲಿಂಗ್‌ನಲ್ಲಿ ಎರಡೂ ಕೆಲಸ ತೂತು ಕೊರೆಯುವ ಬಿಟ್‌ನದೇ. ಶೇಪರ್‌ನಲ್ಲಿ ಟೂಲ್ ಹಿಂದೆ ಮುಂದೆ ಓಡುತ್ತದೆ. ವಾಪಸ್ ಬರುವಾಗ ಅದು ಕತ್ತರಿಸುವುದಿಲ್ಲ, ಅದಕ್ಕೇ ಆ ಓಟ ಬೇಗ ಮುಗಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಲೇತ್‌ನಲ್ಲಿ ಥ್ರೆಡ್, ಅಂದರೆ ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಗೆರೆ, ಹಾಕುವ ಕೆಲಸ. ಇಲ್ಲಿ ಎರಡೂ ಚಲನೆಗಳನ್ನು ಗೇರುಗಳಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು ಒಂದು ಸುತ್ತು ಹಾಕಿದರೆ ಟೂಲ್ 6 ಮಿ.ಮೀ. ಸರಿಯುತ್ತದೆ ಎಂದುಕೊಳ್ಳಿ. ನಮಗೆ ಬೇಕಾದ ಥ್ರೆಡ್‌ನ ಪಿಚ್, ಅಂದರೆ ಒಂದು ಗೆರೆಯಿಂದ ಪಕ್ಕದ ಗೆರೆಗಿರುವ ದೂರ, 1.5 ಮಿ.ಮೀ. ಹಾಗಾದರೆ ಜಾಬ್ 4 ಸುತ್ತು ತಿರುಗುವಷ್ಟರಲ್ಲಿ ಲೀಡ್ ಸ್ಕ್ರೂ ಒಂದೇ ಸುತ್ತು ತಿರುಗಬೇಕು. ಅದಕ್ಕೆ ತಕ್ಕ ಗೇರುಗಳನ್ನು ಹಾಕಿದರಾಯಿತು. ಎಷ್ಟೇ ನುರಿತ ಕೈಯಾದರೂ ಟೂಲನ್ನು ಇಷ್ಟು ಸಮನಾಗಿ ನಡೆಸಲಾರದು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮೌಡ್ಸ್ಲೆ ಅವರು ಲೀಡ್ ಸ್ಕ್ರೂ, ಟೂಲ್ ಹಿಡಿದು ಸರಿಯುವ ಸ್ಲೈಡ್, ಬದಲಿಸುವ ಗೇರುಗಳು, ಈ ಮೂರನ್ನೂ ಒಂದೇ ಲೇತ್‌ನಲ್ಲಿ ಕೂಡಿಸಿದರು. ಅದಕ್ಕೂ ಮುಂಚೆ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಕೂರುತ್ತದೆ ಎಂಬ ನಂಬಿಕೆಯೇ ಇರಲಿಲ್ಲ.

ವೇಗದ ಮಾತು ಬೇರೆ. ಫೇಸಿಂಗ್, ಅಂದರೆ ಲೇತ್‌ನಲ್ಲಿ ಜಾಬ್‌ನ ತುದಿಯ ಮುಖವನ್ನು ಚಪ್ಪಟೆ ಮಾಡುವ ಕೆಲಸ, ಮಾಡುವಾಗ ಟೂಲ್ ಅಂಚಿನಿಂದ ನಡುವಿಗೆ ಬರುತ್ತದೆ. ಜಾಬ್ ನಿಮಿಷಕ್ಕೆ 200 ಸುತ್ತು ತಿರುಗುತ್ತಿದ್ದರೆ, 50 ಮಿ.ಮೀ. ವ್ಯಾಸದ ಅಂಚಿನಲ್ಲಿ ಲೋಹ ನಿಮಿಷಕ್ಕೆ ಸುಮಾರು 31 ಮೀಟರ್ ಓಡುತ್ತದೆ. 10 ಮಿ.ಮೀ. ವ್ಯಾಸಕ್ಕೆ ಬಂದಾಗ ಬರೀ 6 ಮೀಟರ್. ನಟ್ಟನಡುವೆ ಸೊನ್ನೆ. ಅಲ್ಲಿ ಮೈ ಒರಟಾಗುವುದು ಇದರಿಂದಲೇ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ನಲ್ಲಿ ಟೂಲ್ ಒಳಗೆ ಬಂದಂತೆ, ಜಾಬನ್ನು ತಿರುಗಿಸುವ ಸ್ಪಿಂಡಲ್‌ನ ವೇಗ ಜಾಸ್ತಿಯಾಗುವ ಹಾಗೆ ಹೇಳಿಕೊಡಬಹುದು. ಆದರೆ ಅದಕ್ಕೊಂದು ಮಿತಿ ಹಾಕಲೇಬೇಕು. ವೇಗ ಮಿತಿಮೀರಿದರೆ ಜಾಬನ್ನು ಹಿಡಿದಿರುವ ಚಕ್‌ನ ಹಿಡಿತ ಸಡಿಲವಾಗಿ ಜಾಬ್ ಹಾರಿ ಬರಬಹುದು. ಪ್ರೋಗ್ರಾಂ ಬರೆಯುವವರೇ, ಈ ಮಿತಿ ಹಾಕುವ ಆ ಒಂದು ಸಾಲು ಬರೆದಿದ್ದೀರಾ ಎಂದು ಯಂತ್ರ ಶುರು ಮಾಡುವ ಮುಂಚೆ ಇನ್ನೊಮ್ಮೆ ನೋಡಿಬಿಡಿ. ನಮಸ್ಕಾರ.