ಪಿಂಚಣಿ ಅರ್ಜಿ ತುಂಬುವಾಗ ಮನೆಯವರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ

(ದೃಶ್ಯ: ಹುಬ್ಬಳ್ಳಿ, ಗದಗ ರಸ್ತೆ. ರೈಲ್ವೆ ವರ್ಕ್‌ಶಾಪ್ ಬಿಟ್ಟು ಹೊರಬರುತ್ತಿರುವ ಜನ)

ನಮಸ್ಕಾರ ರೀ. ನಮ್ಮ ಓಣಿಯ ಫಿಟ್ಟರ್ ಕಾಕಾ ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಮೊನ್ನೆ ಪಿಂಚಣಿ ಕಾಗದ ಹರಡಿಕೊಂಡು ಕೂತಿದ್ದರು. ಕಾಕು ಚಹಾ ಇಟ್ಟು ಒಳಗೆ ಹೊರಟರು. "ನೀವೂ ಕುಂದರ್ರಿ, ಇದು ನಿಮ್ಮ ಅರ್ಜಿನೂ ಹೌದು" ಅಂದೆ. "ಅದರಾಗ ನನಗೇನ್ ತಿಳೀತೈತಪಾ" ಅಂದರು. ಇವತ್ತಿನ ವಿಡಿಯೋ ಕಾಕುಗಾಗಿ.

ಮೊದಲು ಲೆಕ್ಕ. 2004ರ ಜನವರಿಗೆ ಮೊದಲು ಕೆಲಸಕ್ಕೆ ಸೇರಿದವರ ಹಳೇ ಪಿಂಚಣಿ ಇದು. ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಅವರದು ಬೇರೆ ಕಥೆ, ಇನ್ನೊಮ್ಮೆ ನೋಡೋಣ.

(ಪರದೆಯ ಮೇಲೆ: 50,000 → 25,000 → 15,000)

ಕೊನೆಯ ಮೂಲವೇತನ 50,000 ಅಂದುಕೊಳ್ಳಿ. ಪಿಂಚಣಿ ಅದರ ಅರ್ಧ, 25,000. ರಿಟೈರ್ ಆದ ಮೇಲೆ ಕಾಕಾ ತೀರಿಕೊಂಡರೆ... ಬಿಡ್ತು ಅನ್ನಿ, ಆದ್ರೂ ಕೇಳಿ. ಕಾಕುಗೆ ಬರುವ ಕುಟುಂಬ ಪಿಂಚಣಿ ವೇತನದ ಶೇ 30, ಅಂದರೆ 15,000. ಆದರೆ ಒಮ್ಮೆಲೇ ಅಷ್ಟಕ್ಕೆ ಇಳಿಯುವುದಿಲ್ಲ. 7 ವರ್ಷ, ಇಲ್ಲವೇ ಕಾಕಾಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿತನಕ 25,000 ಬರುತ್ತದೆ. ತುಟ್ಟಿಭತ್ಯೆ ಬೇರೆ.

ಇನ್ನು ಕಮ್ಯುಟೇಶನ್. ಪಿಂಚಣಿಯ ಶೇ 40ರ ತನಕ ಬಿಟ್ಟುಕೊಟ್ಟು ಒಂದೇ ಗಂಟು ತಗೋಬಹುದು. ತಿಂಗಳಿಗೆ 10,000 ಕಡಿತ, 15 ವರ್ಷ. ಮಗಳ ಮದುವೆ ಎದುರಿಗಿದ್ದರೆ ಯಾರು ಬೇಡ ಅಂತಾರೆ? ಕಾಕು ಮೊದಲ ಸಲ ಬಾಯಿ ಬಿಟ್ಟದ್ದು ಇಲ್ಲಿ: "ಮುಂದ ನನ್ನ ಪಾಲಿಂದೂ ಹಿಡೀತಾರೇನು?" ಇಲ್ಲ. ಆ ಕಡಿತ ಕುಟುಂಬ ಪಿಂಚಣಿಗೆ ತಾಗುವುದಿಲ್ಲ. ಇಂಥ ಪ್ರಶ್ನೆ ಕಾಕಾಗೆ ಹೊಳೆದೇ ಇರಲಿಲ್ಲ, ನೋಡಿ.

ಇಬ್ಬರೂ ನೌಕರರಾಗಿದ್ದರೆ? ಹೆಂಡತಿ ಧಾರವಾಡದಲ್ಲಿ ಟೀಚರ್ ಆಗಿ ಪಿಂಚಣಿ ತಗೊಳ್ಳುತ್ತಿದ್ದರೂ ಗಂಡನ ಕುಟುಂಬ ಪಿಂಚಣಿ ಸಿಗುತ್ತದೆ. ಒಂದಕ್ಕಾಗಿ ಇನ್ನೊಂದು ಬಿಡಬೇಕಿಲ್ಲ.

(ದೃಶ್ಯ: ಮೇಜಿನ ಮೇಲೆ ಆಧಾರ್, ಪಾಸ್‌ಬುಕ್, ಜೋಡಿ ಫೋಟೋ)

ಜಾಸ್ತಿ ತೊಂದರೆ ಕೊಡುವುದು ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣುಮಕ್ಕಳ ಹೆಸರು ಬದಲಾಯಿಸುವ ರೂಢಿ ಇತ್ತಲ್ವಾ? ಕಾಕು ಆಧಾರ್‌ನಲ್ಲಿ ತವರಿನ ಹೆಸರು. ಕಾಕಾನ ಸರ್ವಿಸ್ ದಾಖಲೆಯಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಬರೆದಿಟ್ಟ ಹೊಸ ಹೆಸರು. ಪಾಸ್‌ಬುಕ್‌ನಲ್ಲಿ ಅದೇ ಹೆಸರಿಗೆ ಒಂದು 'ಅವ್ವ' ಸೇರಿದೆ. ಒಬ್ಬರೇ ಹೆಂಡತಿ, ಕಾಗದದಲ್ಲಿ ಮೂವರು! ಕಾಕಾ ಇನ್ನೂ ಡ್ಯೂಟಿಯಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಬೇಕು. ಮುಂದೆ ಕಾಕು ಒಬ್ಬರೇ ಅಲೆಯುವುದು ಬೇಡ.

ಖಾತೆಯನ್ನೂ ಜಂಟಿ ಮಾಡಿಸಿ. ಮುಂದೆ ಅದೇ ಖಾತೆಗೆ ಅವರ ಪಿಂಚಣಿ ಬರುತ್ತದೆ, ಹೊಸದು ತೆರೆಯಬೇಕಿಲ್ಲ.

ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ ಕೈಗೆ ಬಂದಾಗ ಕಾಕಾ ಮೊತ್ತ ನೋಡುತ್ತಾರೆ, ನೋಡಲಿ. ಕಾಕು, ನೀವು ನಿಮ್ಮ ಹುಟ್ಟಿದ ದಿನಾಂಕ ನೋಡಿ. ನಿಮಗೆ 80 ತುಂಬಿದರೆ ಕುಟುಂಬ ಪಿಂಚಣಿ ಶೇ 20 ಏರುತ್ತದೆ, ಲೆಕ್ಕ ಹಿಡಿಯುವುದು ಆ ದಿನಾಂಕದಿಂದಲೇ.